ಕ್ಯಾರವಾನ್‌ನ ಇಕ್ಕಟ್ಟಿನ ಮಂಚದ ಮೇಲೆ ಹಾಸಿಗೆ ಜಾರದಂತೆ ಕೂರಿಸುವುದು ಹೇಗೆ?

2022ರ ಸೆಪ್ಟೆಂಬರ್‌ನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ 89 ವರ್ಷಗಳ ನಂತರ ಕೋಡಿ ಬಿದ್ದಾಗ, ಅವ್ವನನ್ನು ಕರೆದುಕೊಂಡು ನಾವೂ ದಾವಣಗೆರೆಯಿಂದ ನೋಡಲು ಹೋಗಿದ್ದೆವು. ಹಳೇ ಟೆಂಪೋ ಟ್ರಾವೆಲರ್ ಒಂದರಲ್ಲಿ ಎರಡೂ ಬದಿಗೆ ಮಂಚ, ಹಿಂದೆ ಸಣ್ಣದೊಂದು ಅಡುಗೆ ಕಟ್ಟೆ ಮಾಡಿಸಿ ಕ್ಯಾರವಾನ್ ಮಾಡಿಕೊಂಡಿದ್ದೆವು. ಅದರಲ್ಲಿ ನಮ್ಮ ಮೊದಲ ಪ್ರಯಾಣ ಅದು. ರಾತ್ರಿ ಪರಿಚಯದವರ ತೋಟದಲ್ಲಿ ಗಾಡಿ ನಿಲ್ಲಿಸಿ ಮಲಗಿದೆವು. ಬೆಳಿಗ್ಗೆ ನೋಡಿದರೆ ಅವ್ವ ಎದ್ದು ಕೂತಿದ್ದರು. ಬೆಡ್‌ಶೀಟ್ ಸುರುಳಿಯಾಗಿ ಸೊಂಟದ ಕೆಳಗೆ ಸೇರಿತ್ತು, ಹೊದಿಕೆ ನಡುವಿನ ಓಣಿಯಲ್ಲಿ ಬಿದ್ದಿತ್ತು, ಗಾದಿಯೇ ನಾಲ್ಕು ಬೆರಳು ಹೊರಗೆ ಬಂದಿತ್ತು. "ರಾತ್ರಿಯೆಲ್ಲಾ ಚಾದರ ಎಳಕಂಡು ಎಳಕಂಡು ಬೆಳಗಾತು ನೋಡಪ್ಪ" ಅಂದರು. ಎಪ್ಪತ್ತು ದಾಟಿದ ಜೀವ. ನಿದ್ದೆಯಿಲ್ಲದೆ ನೀರು ನೋಡುವ ಸಂತೋಷವೂ ಅರ್ಧವಾಯಿತು.

ಆಮೇಲೆ ಒಂದೊಂದಾಗಿ ಮಾಡಿ, ಬಿಚ್ಚಿ, ಮತ್ತೆ ಹೊಲಿದು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬಹಳ ಜನ ನೇರವಾಗಿ ಬೆಡ್‌ಶೀಟ್‌ಗೆ ಕ್ಲಿಪ್ ಹಾಕಲು ಹೋಗುತ್ತಾರೆ. ನಾನೂ ಹಾಗೇ ಮಾಡಿದ್ದೆ, ಅದು ನಿಲ್ಲಲಿಲ್ಲ. ಗಾದಿ ಜಾರುವಾಗ ಅದರ ಮೇಲಿನ ಬೆಡ್‌ಶೀಟ್ ಎಷ್ಟು ಬಿಗಿಯಿದ್ದರೂ ಪ್ರಯೋಜನವಿಲ್ಲ. ಹಲಗೆಯಿಂದ ಶುರುಮಾಡಿ ಮೇಲಕ್ಕೆ ಬರಬೇಕು.

ಮನೆಯಲ್ಲಿ ಜಾರದ್ದು ಇಲ್ಲಿ ಯಾಕೆ ಜಾರುತ್ತದೆ?

ಮನೆಯ ಮಂಚದಲ್ಲಿ ಬೆಡ್‌ಶೀಟ್ ಎರಡೂ ಬದಿಗೆ ಒಂದೊಂದು ಮೊಳ ಇಳಿಬಿದ್ದಿರುತ್ತದೆ. ಅದನ್ನು ಗಾದಿಯ ಕೆಳಗೆ ಸಿಕ್ಕಿಸಿದರೆ ಗಾದಿಯ ಭಾರವೇ ಹಿಡಿದಿಡುತ್ತದೆ. ಗಾಡಿಯ ಮಂಚಕ್ಕೆ ಆ ಭಾರವೇ ಇಲ್ಲ. ನಮ್ಮ ಮಂಚದ ಅಳತೆ ಹೇಳುತ್ತೇನೆ: ಉದ್ದ 72 ಇಂಚು, ಅಗಲ 26 ಇಂಚು, ಫೋಮ್ 4 ಇಂಚು ದಪ್ಪ. 32 ಡೆನ್ಸಿಟಿ (ಅಂದರೆ ಘನ ಮೀಟರಿಗೆ 32 ಕೆಜಿ) ಫೋಮ್ ಆದರೆ ಇಷ್ಟು ಗಾದಿ ತೂಗುವುದು ಸುಮಾರು 4 ಕೆಜಿ. ಪಿಂಜಾರರು ಹತ್ತಿ ಎಕ್ಕಿ ತುಂಬಿದ ಗಾದಿಯಾದರೆ ಅದೇ ಅಳತೆಗೆ ಇದಕ್ಕಿಂತ ಎಷ್ಟೋ ಹೆಚ್ಚು ಭಾರ, ತಾನಾಗಿಯೇ ಕೂರುತ್ತದೆ. ಫೋಮ್ ಹಾಗಲ್ಲ, ಮೊಣಕೈ ಊರಿ ಎದ್ದರೂ ಸರಿಯುತ್ತದೆ.

ಇನ್ನೊಂದು ಕಾರಣ ಅಗಲ. ಮನೆಯಲ್ಲಿ ಮಗ್ಗುಲು ಬದಲಿಸಲು ಹೊರಳಿ ಪಕ್ಕದ ಜಾಗಕ್ಕೆ ಹೋಗುತ್ತೇವೆ. 26 ಇಂಚಿನಲ್ಲಿ ಹೊರಳಲು ಜಾಗವಿಲ್ಲ, ಇದ್ದಲ್ಲೇ ಗಾಣದ ಹಾಗೆ ತಿರುಗಬೇಕು. ತಿರುಗುವಾಗ ಮೈ ಬೆಡ್‌ಶೀಟನ್ನೂ ತಿರುಚುತ್ತದೆ. ನಾಲ್ಕು ಸಲ ಮಗ್ಗುಲು ಬದಲಿಸಿದರೆ ಬೆಡ್‌ಶೀಟ್ ಹಗ್ಗವಾಗುತ್ತದೆ.

ಕೆಲಸ ಶುರುಮಾಡುವ ಮುಂಚೆ ಒಂದು ಪರೀಕ್ಷೆ ಮಾಡಿ. ಬರೀ ಗಾದಿಯ ಒಂದು ಮೂಲೆಗೆ ಅಂಗೈ ಇಟ್ಟು ಓಣಿಯ ಕಡೆಗೆ ನೂಕಿ. ಎರಡು ಬೆರಳಿಗಿಂತ ಹೆಚ್ಚು ಸರಿದರೆ ಹಲಗೆಯ ಕೆಲಸ ಮಾಡಲೇಬೇಕು. ಸರಿಯದಿದ್ದರೆ ನೇರವಾಗಿ ಬೆಡ್‌ಶೀಟ್ ಹೊಲಿಯಲು ಹೋಗಬಹುದು.

ಮೊದಲು ಹಲಗೆ ಮತ್ತು ಗಾದಿ

ಮಂಚ ಮಾಡುವವರು ಪ್ಲೈವುಡ್ ಮೇಲೆ ನುಣುಪಾದ ಸನ್ಮೈಕಾ ಅಂಟಿಸಿ ಕೊಡುತ್ತಾರೆ. ಒರೆಸಲು ಸುಲಭ, ಆದರೆ ಗಾದಿಗೆ ಅದು ಜಾರುಬಂಡೆ. ಅದರ ಮೇಲೆ ಹಿಡಿತ ಕೊಡುವ ಪದರ ಒಂದು ಬೇಕು. ಹಿಂದೆ ಜಾತ್ರೆಗೆ ಕೊಲ್ಲಾರಿ ಬಂಡಿ ಕಟ್ಟುವಾಗ ಹುಲ್ಲು ಹರಡಿ, ಅದರ ಮೇಲೆ ಜಮಖಾನ ಹಾಸುತ್ತಿದ್ದರು. ಮೆತ್ತಗಾಗಲಿ ಅನ್ನುವುದು ಒಂದು, ಹುಲ್ಲಿನ ಎಳೆಗಳು ಜಮಖಾನವನ್ನು ಕಚ್ಚಿ ಹಿಡಿಯುತ್ತಿದ್ದವು ಅನ್ನುವುದು ಇನ್ನೊಂದು. ನಮಗೆ ಬೇಕಾದ್ದೂ ಅಂಥ ಒರಟು ಪದರವೇ.

ಎರಡು ದಾರಿ ಇವೆ. ಒಂದು, ಅಡುಗೆಮನೆಯ ಡ್ರಾಯರ್‌ಗೆ ಹಾಸುವ ತೂತುತೂತಿನ ಆ್ಯಂಟಿ ಸ್ಲಿಪ್ ಮ್ಯಾಟ್. ಮೀಟರ್ ಲೆಕ್ಕದಲ್ಲಿ ಸಿಗುತ್ತದೆ, ಕತ್ತರಿಯಿಂದ ಕತ್ತರಿಸಿದರೆ ಸಾಕು. ಆದರೆ ಚಿತ್ರದುರ್ಗದ ಏಪ್ರಿಲ್ ಬಿಸಿಲಲ್ಲಿ ಕಿಟಕಿ ಹಾಕಿ ನಿಲ್ಲಿಸಿದ ಗಾಡಿಯಲ್ಲಿ ಇದು ಮೆತ್ತಗಾಗಿ ರೆಕ್ಸಿನ್‌ಗೋ ಪೇಂಟ್‌ಗೋ ಅಂಟಿಕೊಳ್ಳಬಹುದು. ಗಾದಿಯ ಕವರ್ ರೆಕ್ಸಿನ್‌ನದಾದರೆ ಇದು ಬೇಡ. ಇನ್ನೊಂದು, ಗೋಣಿತಾಟು. ನನ್ನ ಮಟ್ಟಿಗೆ ಇದೇ ಮೇಲು. ಸೆಣಬು ಬಟ್ಟೆಯನ್ನು ಚೆನ್ನಾಗಿ ಹಿಡಿಯುತ್ತದೆ, ಗಾಳಿಯೂ ಆಡುತ್ತದೆ, ಬಿಸಿಲಿಗೆ ಕರಗುವುದಿಲ್ಲ. ಒಗೆದು ಎರಡು ದಿನ ಬಿಸಿಲಿಗೆ ಹಾಕಿ, ಹೊಲಿಗೆ ಬಿಚ್ಚಿ ಒಂದೇ ತುಂಡಾಗಿ ಹರಡಿ, ಹಲಗೆಯ ನಾಲ್ಕೂ ಅಂಚಿಗೆ ಎಳೆದು ಸ್ಟೇಪ್ಲರ್ ಪಿನ್ ಹೊಡೆಯಿರಿ. ನಾರು ಉದುರುವುದು ಇದರ ದೋಷ. ದಮ್ಮು ಇರುವವರ ಮಂಚಕ್ಕೆ ಮ್ಯಾಟ್ ಒಳ್ಳೆಯದು, ಆಗ ಗಾದಿಗೆ ಹತ್ತಿ ಬಟ್ಟೆಯ ಕವರ್ ಹಾಕಿಸಿ.

ಓಣಿಯ ಬದಿಯಲ್ಲಿ ಹಲಗೆಯ ಅಂಚಿಗೆ ಮರದ ರೀಪರ್ ಪಟ್ಟಿ ಹೊಡೆಸಿ. ಎತ್ತರ ಒಂದೂವರೆ ಇಂಚು ಸಾಕು. ಬಡಗಿ ಮೂರು ಇಂಚು ಇಡೋಣ ಅಂದರೆ ಒಪ್ಪಬೇಡಿ. ಮಂಚದ ಅಂಚಲ್ಲಿ ಕೂತಾಗ ಫೋಮ್ ತಗ್ಗಿ, ಪಟ್ಟಿ ತೊಡೆಗೆ ಒತ್ತುತ್ತದೆ, ವಯಸ್ಸಾದವರಿಗೆ ಕಾಲು ಜೋಮು ಹಿಡಿಯುತ್ತದೆ. ಮೇಲಂಚನ್ನು ಉಜ್ಜಿ ಗುಂಡಗೆ ಮಾಡಿಸಿ.

ಗೋಡೆಯ ಬದಿಯನ್ನು ಹೆಚ್ಚಿನವರು ಮರೆಯುತ್ತಾರೆ. ಗಾಡಿಯ ಗೋಡೆ ನೆಟ್ಟಗಿರುವುದಿಲ್ಲ, ಮೇಲೆ ಹೋದಂತೆ ಬಾಗುತ್ತದೆ. ಗಾದಿಗೂ ಗೋಡೆಗೂ ನಡುವೆ ಒಂದೆರಡು ಇಂಚು ಸಂದು ಉಳಿದರೆ ಹೊದಿಕೆ ಅಲ್ಲಿ ಇಳಿಯುತ್ತದೆ, ಮೊಬೈಲೂ ಕನ್ನಡಕವೂ ಅಲ್ಲೇ ಸೇರುತ್ತವೆ. ಉಳಿದ ಫೋಮನ್ನು ಪಟ್ಟಿಯಾಗಿ ಕತ್ತರಿಸಿ, ಬಟ್ಟೆ ಸುತ್ತಿ ಬಿಗಿಯಾಗಿ ತುರುಕಿ. ಈ ಪಟ್ಟಿ ಗಾದಿಯನ್ನು ರೀಪರ್ ಕಡೆಗೆ ಒತ್ತಿ ಹಿಡಿಯುವುದರಿಂದ ಎರಡು ಕೆಲಸ ಒಂದರಲ್ಲೇ ಆಗುತ್ತವೆ.

ಹಲಗೆಗೆ ತೂತು ಇಲ್ಲದಿದ್ದರೆ ಈಗಲೇ ಗೇಣಿಗೊಂದರಂತೆ ಒಂದಿಂಚಿನ ತೂತು ಕೊರೆಸಿಬಿಡಿ. ಮೈಯ ಬಿಸಿ, ಬೆವರು ಫೋಮ್ ದಾಟಿ ತಣ್ಣಗಿನ ಹಲಗೆ ಮುಟ್ಟಿದಾಗ ಅಡಿಯಲ್ಲಿ ನೀರಾಗುತ್ತದೆ. ಮಲೆನಾಡಿನ ಕಡೆ ನಾಲ್ಕು ದಿನ ಇದ್ದರೆ ಬೂಷ್ಟು ಖಂಡಿತ.

ಬೆಡ್‌ಶೀಟ್ ಹೊಲಿಯುವುದು

ಅಂಗಡಿಯ ಸಿಂಗಲ್ ಬೆಡ್‌ಶೀಟ್ 36 ಇಂಚಿನ ಗಾದಿಗೆಂದು ಮಾಡಿದ್ದು. 26 ಇಂಚಿನ ಗಾದಿಗೆ ಅದನ್ನು ಹಾಕಿದರೆ ಹತ್ತಿಂಚು ಬಟ್ಟೆ ಹೆಚ್ಚಾಗಿ ಮೈ ಕೆಳಗೆ ಮುದುಡುತ್ತದೆ. ಹೊಲಿಸಿಕೊಳ್ಳುವುದೇ ಸರಿ.

ಇಲ್ಲಿ ಒಂದು ಅನುಕೂಲ ಇದೆ, ನನಗೆ ಗೊತ್ತಾದಾಗ ಬಹಳ ಖುಷಿಯಾಯಿತು. ಗಾದಿಯ ಅಗಲ 26, ಎರಡು ಬದಿಯ ದಪ್ಪ 4 ಮತ್ತು 4, ಕೆಳಗೆ ಮಡಚಲು ಬದಿಗೆ 5 ಇಂಚಿನಂತೆ 10. ಕೂಡಿದರೆ 44. ಅಂದರೆ ಪೇಟೆಯಲ್ಲಿ ಸಿಗುವ 44 ಇಂಚು ಪನ್ನದ (ಅಗಲದ) ಕಾಟನ್ ಬಟ್ಟೆ ಜೋಡಿಸುವ, ಕತ್ತರಿಸುವ ಗೋಜಿಲ್ಲದೆ ಅಗಲಕ್ಕೆ ಸರಿಹೊಂದುತ್ತದೆ. ಎರಡೂ ಬದಿಗೆ ನೇಯ್ದ ಅಂಚೇ ಇರುವುದರಿಂದ ಎಳೆ ಬಿಚ್ಚುವ ಭಯವೂ ಇಲ್ಲ. ಮಂಚ 28 ಇಂಚಿಗಿಂತ ಅಗಲವಿದ್ದರೆ ಮಾತ್ರ 58 ಇಂಚು ಪನ್ನದ ಬಟ್ಟೆ ಕೇಳಿ. ದಾವಣಗೆರೆಯ ಚೌಕಿಪೇಟೆ, ಮಂಡಿಪೇಟೆ ಸುತ್ತಿದರೆ ಎರಡೂ ಸಿಗುತ್ತವೆ. ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ ಕೊಳ್ಳಿ. ಮಿರಮಿರ ಮಿಂಚುವ ಸ್ಯಾಟಿನ್, ಪಾಲಿಯೆಸ್ಟರ್ ಬೇಡ. ಸ್ವಲ್ಪ ಒರಟಾದ ಕೈಮಗ್ಗದ ಬಟ್ಟೆ, ದಪ್ಪ ಕಾಟನ್ ಇದ್ದಷ್ಟೂ ಹಿಡಿತ ಹೆಚ್ಚು.

ಉದ್ದಕ್ಕೆ ಎರಡೂವರೆ ಮೀಟರ್ ತನ್ನಿ. ತಂದ ಕೂಡಲೇ ಹೊಲಿಯಬೇಡಿ. ರಾತ್ರಿಯಿಡೀ ನೀರಲ್ಲಿ ನೆನೆಸಿ, ಹಿಂಡದೆ ಒಣಹಾಕಿ, ಇಸ್ತ್ರಿ ಮಾಡಿ. ನನ್ನ ಮೊದಲ ಜೊತೆಯನ್ನು ಒಂದು ಕಡೆ ಹೊಲಿಯಲು ಕೊಟ್ಟಿದ್ದೆ. ನೆನೆಸಿಯೇ ಹೊಲಿಯಿರಿ ಅಂತ ಹೇಳಿದ್ದರೂ ಅವರು ಹಾಗೇ ಹೊಲಿದು ಕೊಟ್ಟರು. ಹೊಸದರಲ್ಲಿ ಚಕಚಕ ಕೂತಿತು. ಒಂದು ಒಗೆತಕ್ಕೆ ಎರಡು ಮೂರು ಇಂಚು ಕುಗ್ಗಿ, ಹಾಕಿದರೆ ಗಾದಿಯ ತಲೆ ಕಾಲು ಎರಡೂ ಮೇಲೆದ್ದು ದೋಣಿಯಂತಾಯಿತು. ಆ ಬಟ್ಟೆ ವ್ಯರ್ಥವಾದದ್ದು ನನಗೆ ಇವತ್ತಿಗೂ ಬೇಜಾರು. ಹತ್ತಿ ಬಟ್ಟೆ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗುವುದು ಸಾಮಾನ್ಯ.

ನೆನೆಸಿ ಒಣಗಿಸಿದ ಮೇಲೆ ಅಗಲ ಸುಮಾರು 42½ ಇಂಚಿಗೆ ಬಂದಿರುತ್ತದೆ. ಗಾಬರಿ ಬೇಡ, ಮಡಚಲು ಬದಿಗೆ ನಾಲ್ಕು ಇಂಚಿನಷ್ಟು ಉಳಿಯುತ್ತದೆ. ಉದ್ದಕ್ಕೆ 89 ಇಂಚು ಅಳೆದು ನೇರ ಕತ್ತರಿಸಿ.

ಇನ್ನು ಮೂಲೆ. ಇಡೀ ಕೆಲಸದಲ್ಲಿ ಗಮನವಿಟ್ಟು ಮಾಡಬೇಕಾದ್ದು ಇದೊಂದೇ, ಅದಕ್ಕೆ ನಿಧಾನವಾಗಿ ಹೇಳುತ್ತೇನೆ. ಬಟ್ಟೆಯ ಒಳಮುಖ ಹೊರಗೆ ಬರುವಂತೆ ಒಂದು ಮೂಲೆಯನ್ನು ಓರೆಯಾಗಿ ಮಡಚಿ, ಸಮೋಸ ಮಡಚುವ ಹಾಗೆ. ಉದ್ದದ ಅಂಚೂ ಅಗಲದ ಅಂಚೂ ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಈಗ ಮೂಲೆಯ ತುದಿಯಿಂದ ಆ ಜೋಡಿ ಅಂಚಿನ ಗುಂಟ 8¼ ಇಂಚು ಅಳೆದು ಸೀಮೆಸುಣ್ಣದಲ್ಲಿ ಗುರುತು ಹಾಕಿ. ಗಾದಿಯ ದಪ್ಪ 4, ಕೆಳಗಿನ ಮಡಿಕೆ 4¼, ಕೂಡಿದರೆ ಅಷ್ಟು. ಗುರುತಿನಿಂದ ಅಂಚಿಗೆ ಲಂಬವಾಗಿ, ಓರೆ ಮಡಿಕೆ ಮುಟ್ಟುವವರೆಗೆ ಒಂದು ಗೆರೆ ಎಳೆಯಿರಿ. ಗೆರೆಯ ಮೇಲೆ ಎರಡು ಸಲ ಹೊಲಿಗೆ ಹಾಕಿ. ಈಗಲೇ ಕತ್ತರಿಸಬೇಡಿ! ನಾಲ್ಕೂ ಮೂಲೆ ಹೊಲಿದು, ಗಾದಿಗೆ ಹಾಕಿ ನೋಡಿ, ಸರಿ ಅನ್ನಿಸಿದ ಮೇಲೆ ಹೊಲಿಗೆಯಿಂದ ಅರ್ಧ ಇಂಚು ಬಿಟ್ಟು ಮಿಕ್ಕ ತ್ರಿಕೋನ ಕತ್ತರಿಸಿ. ನಿಮ್ಮ ಗಾದಿಯ ದಪ್ಪ ಬೇರೆಯಿದ್ದರೆ ಲೆಕ್ಕ ಅದೇ: ದಪ್ಪಕ್ಕೆ ಮಡಿಕೆ ಕೂಡಿಸಿ.

ಬಾಗಿಲ ಹತ್ತಿರ ಗಾದಿಯ ಮೂಲೆಯನ್ನು ದುಂಡಗೆ ಕತ್ತರಿಸಿದ್ದರೆ ಅಲ್ಲಿ ಮೂಲೆ ಹೊಲಿಯಬೇಡಿ. ದಿನಪತ್ರಿಕೆ ಹಾಸಿ ಗಾದಿಯ ಆಕಾರ ಬರೆದು, ಸುತ್ತಲೂ 8¼ ಇಂಚು ಹೆಚ್ಚಿಗೆ ಬಿಟ್ಟು ಬಟ್ಟೆ ಕತ್ತರಿಸಿ. ಮುಂದೆ ಹೇಳುವಂತೆ ಅಂಚಿಗೆ ಲಾಡಿ ಏರಿಸಿ ಎಳೆದರೆ ನೆರಿಗೆ ಬಿದ್ದು ಕೂರುತ್ತದೆ.

ಎಲಾಸ್ಟಿಕ್‌ಗಿಂತ ಕಸೆ

ನಾಲ್ಕೂ ಅಂಚನ್ನು ಮುಕ್ಕಾಲು ಇಂಚು ಮಡಚಿ ಹೊಲಿದರೆ ಒಳಗೆ ಕೊಳವೆಯಾಗುತ್ತದೆ. ಅದರಲ್ಲಿ ಎಲಾಸ್ಟಿಕ್ ಹಾಕುವುದು ರೂಢಿ. ಗಾಡಿಯ ಕಾವಿಗೆ, ಪದೇ ಪದೇ ಒಗೆಯುವುದಕ್ಕೆ ಎಲಾಸ್ಟಿಕ್ ಬೇಗ ಸಡಿಲವಾಗುತ್ತದೆ. ಹಾಗಾಗಿ ನಾನು ಲಂಗಕ್ಕೆ ಹಾಕುವ ಲಾಡಿ ಏರಿಸುತ್ತೇನೆ. ಕಾಲ ಕಡೆ ಎರಡೂ ತುದಿ ಹೊರಗೆ ಬರಲಿ, ಎಳೆದು ಗಂಟು ಹಾಕಿದರೆ ಆಯಿತು. ಸಡಿಲವಾದಾಗ ಮತ್ತೆ ಎಳೆಯಬಹುದು.

ಇದರ ಜೊತೆ ಅಡಿಯಲ್ಲಿ ಅಡ್ಡ ಕಸೆ ಬೇಕು. ಕೂಸಿನ ಕುಲಾವಿ ನೋಡಿ. ತಲೆಗೆ ಎಷ್ಟು ಸರಿಯಾಗಿ ಕೂತಿದ್ದರೂ ಗಲ್ಲದ ಕೆಳಗೆ ಕಸೆ ಕಟ್ಟದಿದ್ದರೆ ಕೂಸು ಕಿತ್ತು ಎಸೆಯುತ್ತದೆ. ಬೆಡ್‌ಶೀಟಿಗೂ ಅಷ್ಟೇ. ಭುಜ, ಸೊಂಟ, ಮೊಣಕಾಲು ಬರುವ ಮೂರು ಕಡೆ, ಎದುರುಬದುರು ಅಂಚಿಗೆ ಹದಿನೈದು ಇಂಚಿನ ಕಸೆ ಒಂದೊಂದು ಹೊಲಿಯಿರಿ. ಗಾದಿಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಅಡಿಯಲ್ಲಿ ಜೋಡಿಜೋಡಿಯಾಗಿ ಕಟ್ಟಿ. ಗಂಟು ಎಳೆದರೆ ಬಿಚ್ಚುವಂತಿರಲಿ. ಸೊಂಟದ ಕಸೆಯನ್ನು ಮೊದಲು ಕಟ್ಟಿ, ತಿರುಚುವುದು ಅಲ್ಲೇ ಹೆಚ್ಚು.

ಹಗಲು ಕೂರುವ ಸೀಟು, ರಾತ್ರಿ ಟೇಬಲ್ ಇಳಿಸಿ ಮಂಚ ಮಾಡುವ ಏರ್ಪಾಡು ಇದ್ದರೆ ಗಾದಿ ಮೂರು ತುಂಡಾಗಿರುತ್ತದೆ, ನಡುರಾತ್ರಿ ತುಂಡುಗಳು ಬಾಯಿಬಿಡುತ್ತವೆ. ಅಂಥ ಕಡೆ ತಲೆಯಿಂದ ಕಾಲಿನವರೆಗೆ ಅಡಿಯಲ್ಲಿ ಉದ್ದಕ್ಕೊಂದು ನವಾರ ಪಟ್ಟಿ ಕಟ್ಟಿ ಮೂರನ್ನೂ ಒಂದಕ್ಕೊಂದು ಒತ್ತಿಸಿ. ಮೇಲೊಂದು ಕೌದಿ ಹಾಸಿ, ಅದೂ ಸೇರುವಂತೆ ಬೆಡ್‌ಶೀಟ್ ಹಾಕಿ. ಕೌದಿಯ ಒತ್ತೊತ್ತು ಹೊಲಿಗೆ ಸಂದನ್ನು ಮರೆಸುತ್ತದೆ, ಜಾರುವುದೂ ಇಲ್ಲ.

ಹೊಲಿಯಲು ಪುರುಸೊತ್ತಿಲ್ಲದವರು ಇದ್ದ ಬೆಡ್‌ಶೀಟಿನ ನಾಲ್ಕು ಮೂಲೆಯಲ್ಲಿ ಒಂದೊಂದು ಗೋಲಿ ಇಟ್ಟು, ಬಟ್ಟೆ ಸುತ್ತಿ, ಅದರ ಕೊರಳಿಗೆ ದಾರ ಬಿಗಿದು, ಎದುರಿನ ಮೂಲೆಗೆ ಗಾದಿಯ ಅಡಿಯಿಂದ ಕಟ್ಟಬಹುದು. ಹಲ್ಲಿರುವ ಲೋಹದ ಕ್ಲಿಪ್ ಬಟ್ಟೆಯನ್ನು ಕಚ್ಚಿ ಹರಿಯುತ್ತದೆ, ಗೋಲಿ ಹರಿಯುವುದಿಲ್ಲ.

ವೆಲ್ಕ್ರೋ ವಿಚಾರ

ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಜಾರ್ಜ್ ಡಿ ಮೆಸ್ಟ್ರಾಲ್ 1941ರಲ್ಲಿ ಬೇಟೆಗೆ ಹೋಗಿ ಬಂದಾಗ ತನ್ನ ನಾಯಿಯ ಕೂದಲಿಗೆ ಅಂಟಿದ್ದ ಮುಳ್ಳುಬೀಜ ನೋಡಿ ಇದನ್ನು ಕಂಡುಹಿಡಿದ. ಉತ್ತರಾಣಿ ಗಿಡದ ನಡುವೆ ನಡೆದು ಪಂಚೆ ತುಂಬ ಬೀಜ ಅಂಟಿಸಿಕೊಂಡು ಬಂದವರಿಗೆ ಇದರ ಮರ್ಮ ಬಿಡಿಸಿ ಹೇಳಬೇಕಿಲ್ಲ. ಗಾದಿಯ ಕವರಿನ ಅಡಿಗೆ ಮೆತ್ತನೆಯ ಭಾಗ ಹೊಲಿಯಿರಿ, ಮುಳ್ಳಿನ ಭಾಗ ಹಲಗೆಗಿರಲಿ. ತಿರುಗಾಮುರುಗಾ ಮಾಡಿದರೆ ಕವರ್ ಒಗೆಯುವಾಗ ಮುಳ್ಳಿಗೆ ಬೇರೆ ಬಟ್ಟೆಯ ಎಳೆಯೆಲ್ಲ ಸಿಕ್ಕಿಕೊಳ್ಳುತ್ತದೆ. ಹಿಂದೆ ಗಮ್ ಇರುವ ವೆಲ್ಕ್ರೋ ನಂಬಬೇಡಿ, ಬಿಸಿಲಿಗೆ ಗಮ್ ಇಳಿಯುತ್ತದೆ. ಹಲಗೆಗೆ ಪಿನ್ ಹೊಡೆಯಬೇಕು. ಬೆಡ್‌ಶೀಟಿಗೆ ಮಾತ್ರ ವೆಲ್ಕ್ರೋ ಬೇಡವೇ ಬೇಡ.

ಹೊದಿಕೆ

ಚಳಿಗಾಲದ ಬೆಳಗಿನ ಜಾವ ಚಿತ್ರದುರ್ಗದ ಬಯಲಲ್ಲಿ ಗಾಳಿ ಬೀಸಿದರೆ ತಗಡಿನ ಗಾಡಿ ತಣ್ಣಗೆ ಕೊರೆಯುತ್ತದೆ. ಆಗ ಹೊದಿಕೆ ಕಾಲಿನಿಂದ ಸರಿದರೆ ನಿದ್ದೆ ಮುಗಿದ ಹಾಗೆ. ಮಿಂಕ್ ಬ್ಲಾಂಕೆಟ್ ಬೆಚ್ಚಗಿದ್ದರೂ ಭಾರಕ್ಕೆ ಓಣಿಯ ಕಡೆ ಸರಸರ ಇಳಿಯುತ್ತದೆ. ಚಳ್ಳಕೆರೆಯ ಕುರಿ ಉಣ್ಣೆಯ ಕಂಬಳಿ ಹಾಗಲ್ಲ, ಕಾಟನ್ ಬಟ್ಟೆ ಮುಟ್ಟಿದ ಕಡೆ ಹಿಡಿದು ಕೂರುತ್ತದೆ. ಮೈಗೆ ಚುಚ್ಚುತ್ತದೆ ಅನ್ನುವವರು ಒಳಗೊಂದು ಕಾಟನ್ ಚಾದರ ಟಾಕಿ ಹಾಕಿಕೊಳ್ಳಲಿ.

ಯಾವ ಹೊದಿಕೆಯಾದರೂ ಕಾಲಿನ ತುದಿಯಲ್ಲಿ ಬೆಡ್‌ಶೀಟಿಗೆ ಸೇರಿಸಿ, ಟಿಚ್ ಬಟನ್ ಐದು ಸಾಕು. ಗೋಡೆಯ ಬದಿಯಲ್ಲಿ ಕಾಲಿನಿಂದ ಮೊಣಕಾಲಿನವರೆಗೆ ಇನ್ನು ಮೂರು ಹಾಕಿ. ಓಣಿಯ ಬದಿಯಲ್ಲಿ ಒಂದೂ ಬೇಡ. ರಾತ್ರಿ ಎದ್ದು ಹೋಗುವವರಿಗೆ ಆ ಕಡೆ ಸಿಕ್ಕಿಕೊಂಡರೆ ಮುಗ್ಗರಿಸಿ ಬೀಳುತ್ತಾರೆ. ಕಾಲ ಕಡೆ ಹೊದಿಕೆಯನ್ನು ಬಿಗಿಯಾಗಿ ಎಳೆದು ಬಟನ್ ಹಾಕಬೇಡಿ. ಅಂಗಾಲು ಎದ್ದು ನಿಲ್ಲುವಷ್ಟು, ಒಂದು ಗೇಣು ಸಡಿಲ ಬಿಡಿ. ಅವ್ವನಿಗೆ ಮೊದಲು ಬಿಗಿಯಾಗಿ ಹಾಕಿ, ಹೆಬ್ಬೆರಳು ನೋವು ಬಂದ ಮೇಲೆ ನನಗೆ ತಿಳಿಯಿತು.

ದಿಂಬು ಮತ್ತು ಅಂಚು

ಅಂಗಡಿಯ ದಿಂಬು ಸಾಮಾನ್ಯವಾಗಿ 27 ಇಂಚು ಉದ್ದ, 17 ಅಗಲ. ಮಂಚವೇ 26! ತುದಿ ಹೊರಗೆ ಚಾಚಿದ ದಿಂಬು ಬೀಳದೆ ಇನ್ನೇನಾಗುತ್ತದೆ? 22 ಇಂಚಿನ ದಿಂಬು ಮಾಡಿಸಿ. ಗವಸು ಹೊಲಿಯುವಾಗ ಹಿಂಬದಿಗೆ ಹನ್ನೆರಡು ಇಂಚಿನ ಬಾಲ ಬಿಡಿಸಿ, ಅದನ್ನು ತಲೆ ಕಡೆ ಗಾದಿಯ ಅಡಿಗೆ ಸಿಕ್ಕಿಸಿ. ದಿಂಬು ಮಗ್ಗುಲಿಗೆ ತಿರುಗಬಹುದು, ಬೀಳುವುದಿಲ್ಲ.

ಬೀಳುವ ಭಯ ಇರುವ ಹಿರಿಯರಿಗೆ ಒಂದು ಸೀರೆ ಅಥವಾ ಸಣ್ಣ ಕೌದಿಯನ್ನು ಮೂರು ಇಂಚು ದಪ್ಪಕ್ಕೆ ಸುತ್ತಿ, ಓಣಿಯ ಬದಿಯಲ್ಲಿ ಬೆಡ್‌ಶೀಟಿನ ಕೆಳಗೆ ಇಡಿ. ಮೇಲೆ ಇಟ್ಟರೆ ಅದೂ ಜಾರುತ್ತದೆ. ನಿದ್ದೆಯಲ್ಲಿ ಸರಿದ ಮೈ ಆ ಏರಿಗೆ ತಾಗಿದ ಕೂಡಲೇ ತಾನಾಗಿ ಹಿಂದಕ್ಕೆ ಹೊರಳುತ್ತದೆ. ಕೂಸುಗಳ ಹತ್ತಿರ ಇಂಥ ಸುರುಳಿ, ಸಡಿಲ ಬಟ್ಟೆ, ದಿಂಬು ಯಾವುದನ್ನೂ ಇಡಬೇಡಿ. ಉಸಿರುಕಟ್ಟುವ ಅಪಾಯ ಇದೆ.

ಗಾಡಿ ಹೊರಡುವ ಮುಂಚೆ

ಚಲಿಸುವ ಗಾಡಿಯಲ್ಲಿ ಯಾರೂ ಮಲಗಬಾರದು, ಎಲ್ಲರೂ ಬೆಲ್ಟ್ ಹಾಕಿ ಸೀಟಿನಲ್ಲಿ ಕೂರಬೇಕು. ಹಾಸಿಗೆಗೂ ಬೆಲ್ಟ್ ಬೇಕು. ಮಂಚದ ಎರಡು ಕಡೆ ಬಕಲ್ ಇರುವ ನವಾರ ಪಟ್ಟಿ ಅಡ್ಡಲಾಗಿ ಬಿಗಿಯುವಂತೆ ಮಾಡಿಸಿ, ಹೊದಿಕೆ ಮಡಚಿ ಅದರಡಿ ಸಿಕ್ಕಿಸಿ. ದಿಂಬನ್ನು ಮಾತ್ರ ಹೊರಗೆ ಬಿಡಲೇಬೇಡಿ, ಕಪಾಟಿಗೆ ಹಾಕಿ ಬಾಗಿಲು ಮುಚ್ಚಿ. ಜೋರಾಗಿ ಬ್ರೇಕ್ ಹಾಕಿದಾಗ ಮುಂದಕ್ಕೆ ಉರುಳಿ ಡ್ರೈವರ್ ಕಾಲ ಬುಡಕ್ಕೆ, ಬ್ರೇಕ್ ಪೆಡಲ್ ಕೆಳಗೆ ಸೇರಿದರೆ ಮುಂದೆ ಆಗುವುದನ್ನು ಊಹಿಸಲೂ ಭಯವಾಗುತ್ತದೆ. ಅಡುಗೆ ಕಟ್ಟೆ ಪಕ್ಕದಲ್ಲೇ ಮಂಚವಿದ್ದರೆ, ಒಲೆ ಹೊತ್ತಿಸುವ ಮುಂಚೆ ಇಳಿಬಿದ್ದ ಬಟ್ಟೆಯನ್ನೆಲ್ಲ ಒಳಕ್ಕೆ ಮಡಚಿ. ಫೋಮ್ ಬೆಂಕಿಗೆ ಬೇಗ ಸಿಗುತ್ತದೆ.

ಎಲ್ಲ ಹಾಕಿ ಮುಗಿದ ಮೇಲೆ ಮನೆ ಮುಂದೆಯೇ ಒಂದು ರಾತ್ರಿ ಗಾಡಿಯಲ್ಲಿ ಮಲಗಿ. ಬೆಳಿಗ್ಗೆ ಯಾವ ಕಸೆ ಸಡಿಲವಾಗಿದೆ, ಯಾವ ಮೂಲೆ ಎದ್ದಿದೆ ಎಂದು ಹಾಸಿಗೆ ಸರಿಮಾಡುವ ಮುಂಚೆಯೇ ನೋಡಿ. ಎದ್ದ ಮೂಲೆಗೆ ಕಸೆ ಒಂದು ಹೆಚ್ಚಿಗೆ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಗಾಡಿಯಲ್ಲಿ ಒಂದು ಡಬ್ಬಿಯಲ್ಲಿ ದಬ್ಬಣ, ದಪ್ಪ ದಾರ, ಎರಡು ಮೀಟರ್ ಲಾಡಿ, ನಾಲ್ಕು ಟಿಚ್ ಬಟನ್ ಇರಲಿ. ತಿಂಗಳಿಗೊಮ್ಮೆ ಗಾದಿ ಎತ್ತಿ ಗೋಣಿತಾಟಿನ ಪಿನ್ ನೋಡಿ, ಎದ್ದದ್ದನ್ನು ಸುತ್ತಿಗೆಯಿಂದ ಬಡಿಯಿರಿ.

ಇನ್ನೊಂದು ಸಣ್ಣ ಕೆಲಸ. ಬೆಡ್‌ಶೀಟಿನ ತಲೆ ಕಡೆಯ ಅಂಚಿನಲ್ಲಿ, ನಡುವೆ, ಕೆಂಪು ದಾರದಿಂದ ಒಂದು ಬೊಟ್ಟು ಹೊಲಿಯಿರಿ, ಕೈಗೆ ತಾಗುವಷ್ಟು ಉಬ್ಬಿರಲಿ. ಲಾಡಿಯ ಗಂಟು ಕಾಲ ಕಡೆಗೇ ಬರಬೇಕಲ್ಲ. ಕತ್ತಲಲ್ಲಿ, ಮಳೆ ಹೊಡೆಯುವಾಗ, ಬ್ಯಾಟರಿ ಹುಡುಕದೆ ಅವ್ವ ಆ ಬೊಟ್ಟನ್ನು ಬೆರಳಲ್ಲಿ ತಡವಿ ತಮ್ಮ ಹಾಸಿಗೆ ತಾವೇ ಹಾಕಿಕೊಳ್ಳುತ್ತಾರೆ.